ಮಾಸ್ ಬದಲಾಯಿಸಿದ್ರೂ ಅಯಾನು ಅದೇ ದಾರೀಲಿ ಹೋಗುತ್ತೆ, ಯಾಕೆ?

ಪ್ರಶ್ನೆ: ಮೇಡಂ, ನಾನು ಎಂ.ಎಸ್ಸಿ. ಫಿಸಿಕ್ಸ್ ಕೊನೆ ವರ್ಷ. ಪ್ರಾಜೆಕ್ಟಿಗೆ ಅಂತ ಅಯಾನುಗಳ ದಾರಿ ಲೆಕ್ಕ ಹಾಕೋ ಸಿಮಿಯಾನ್ ಸಾಫ್ಟ್‌ವೇರಲ್ಲಿ, ಅಯಾನುಗಳನ್ನ ವಿದ್ಯುತ್ ಕ್ಷೇತ್ರದಿಂದ ಫೋಕಸ್ ಮಾಡೋ ಐನ್ಜೆಲ್ ಲೆನ್ಸ್ ಮಾಡಿದೀನಿ, ಸಾಲಾಗಿ ಮೂರು ಸಿಲಿಂಡರ್, ಆಚೆ ಈಚೆಯವು ಗ್ರೌಂಡ್, ನಡುವಿನದಕ್ಕೆ 700 ವೋಲ್ಟ್. 1000 ಎಲೆಕ್ಟ್ರಾನ್ ವೋಲ್ಟ್‌ನ ಆರ್ಗಾನ್ ಅಯಾನು ಬಿಟ್ಟೆ, ಫೋಕಸ್ ಆಯ್ತು. ಆಮೇಲೆ ಮಾಸ್ 40 ತೆಗೆದು 132 ಹಾಕಿ ಕ್ಸೆನಾನ್ ಬಿಟ್ರೆ ಗೆರೆ ಮೇಲೆ ಗೆರೆ ಎಳೆದ ಹಾಗೆ ಅದೇ ದಾರಿ! ಮೂರು ಪಟ್ಟು ಭಾರ ಇರೋದು ಕಮ್ಮಿ ಬಾಗ್ಬೇಕಲ್ವಾ? ಸಾಫ್ಟ್‌ವೇರ್ ನಾನು ಹಾಕಿದ ಮಾಸ್ ತಗೊಳ್ತಾನೇ ಇಲ್ವಾ?

ಉತ್ತರ: ತಗೊಂಡಿದೆ. ನೀವು ಗೆರೆ ಒಂದನ್ನೇ ನೋಡಿದೀರಿ, ಒಂದ್ಸಲ ಟೈಮ್ ಕಾಲಮ್ಮನ್ನೂ ಪ್ರಿಂಟ್ ಮಾಡಿಸಿ ನೋಡಿ. ಲೆನ್ಸ್ ದಾಟಿದ ಮೇಲೆ ಒಂದು ಮೀಟರ್ ಹೋಗೋಕೆ ಆರ್ಗಾನಿಗೆ ಸುಮಾರು 14.4 ಮೈಕ್ರೋಸೆಕೆಂಡ್ ಬೇಕು, ಕ್ಸೆನಾನಿಗೆ ಸುಮಾರು 26.2.

ಭಾರದ ಅಯಾನಿಗೆ ವೇಗೋತ್ಕರ್ಷ 3.3 ಪಟ್ಟು ಕಮ್ಮಿ, ಅದು ನೀವು ಹೇಳಿದ ಹಾಗೇ ಸರಿ, ಆದ್ರೆ ಶಕ್ತಿ ಇಬ್ಬರಿಗೂ ಒಂದೇ ಕೊಟ್ಟಿರೋದ್ರಿಂದ ಅದು ನಿಧಾನಕ್ಕೂ ಹೋಗುತ್ತೆ, ಫೀಲ್ಡ್ ಒಳಗೆ 3.3ರ ವರ್ಗಮೂಲದಷ್ಟು ಪಟ್ಟು ಜಾಸ್ತಿ ಹೊತ್ತು ಇರುತ್ತೆ, ಪಕ್ಕಕ್ಕೆ ಸರಿಯೋದು ಕಾಲದ ವರ್ಗದ ಲೆಕ್ಕದಲ್ಲಿ, ಹಾಗಾಗಿ ಮಾಸ್ ಪೂರ್ತಿ ವಜಾ ಆಗಿ ಹೋಗುತ್ತೆ. ಕಾಲದ ಜೊತೆ ಬದಲಾಗದ ಯಾವುದೇ ವಿದ್ಯುತ್ ಕ್ಷೇತ್ರದಲ್ಲೂ ಇದು ನಿಜ, ಚಾರ್ಜು, ಶಕ್ತಿ, ಹೊರಟ ಜಾಗ, ಹೊರಟ ದಿಕ್ಕು ಇಷ್ಟೂ ಒಂದೇ ಇದ್ರೆ ಸಾಕು. ಶಕ್ತಿ ಬದಲು ಇಬ್ಬರಿಗೂ ಒಂದೇ ವೇಗ ಕೊಟ್ಟು ನೋಡಿ, ಆಗ ದಾರಿ ಬೇರೆ ಬೇರೆ ಆಗುತ್ತೆ.

ನನಗೆ ತುಂಬ ಇಷ್ಟವಾದ ವಿಷಯ ಇದು, ಯಾಕಂದ್ರೆ ಅಯಾನುಗಳನ್ನ ಮಾಸ್ ಪ್ರಕಾರ ಬೇರ್ಪಡಿಸಿ ಅಳೆಯೋ ಮಾಸ್ ಸ್ಪೆಕ್ಟ್ರೋಮೆಟ್ರಿಯ ಕಥೆಯೆಲ್ಲ ಇಲ್ಲಿಂದಲೇ ಶುರು: ಬದಲಾಗದ ವಿದ್ಯುತ್ ಕ್ಷೇತ್ರ ಒಂದೇ ಇದ್ರೆ, ಒಂದೇ ಶಕ್ತಿಯ ಅಯಾನುಗಳ ದಾರಿ ಮಾಸ್ ಪ್ರಕಾರ ಬೇರೆ ಆಗಲ್ಲ. ನಿಯಾನ್‌ನಲ್ಲಿ 20, 22 ಅಂತ ಎರಡು ಮಾಸ್ ಇದೆ ಅಂತ 1913ರ ಹೊತ್ತಿಗೆ ತೋರಿಸಿದ ಜೆ.ಜೆ. ಥಾಮ್ಸನ್ ಕೂಡ ವಿದ್ಯುತ್ ಕ್ಷೇತ್ರದ ಜೊತೆ ಅಯಸ್ಕಾಂತವನ್ನೂ ಇಟ್ಟೇ ಬೇರ್ಪಡಿಸಿದ್ದು. ಅಯಾನು ಬಂದು ಮುಟ್ಟೋ ಹೊತ್ತು ಅಳೆಯೋ ಟೈಮ್ ಆಫ್ ಫ್ಲೈಟ್‌ನವರು ಆ 14.4, 26.2ರ ವ್ಯತ್ಯಾಸವನ್ನೇ ಹಿಡ್ಕೊಂಡ್ರು. ವೋಲ್ಫ್‌ಗ್ಯಾಂಗ್ ಪೌಲ್ ಅಯಸ್ಕಾಂತ ಇಲ್ಲದೆ, ವೋಲ್ಟೇಜನ್ನೇ ರೇಡಿಯೋ ಫ್ರೀಕ್ವೆನ್ಸಿಯಲ್ಲಿ ಆಡಿಸಿ ನಾಲ್ಕು ಕಂಬಿಗಳ ಕ್ವಾಡ್ರುಪೋಲ್‌ನಲ್ಲಿ ಬೇರ್ಪಡಿಸಿದ್ರು, ಅಯಾನು ಹಿಡಿದಿಡೋ ಟ್ರ್ಯಾಪಿಗೆ 1989ರಲ್ಲಿ ನೊಬೆಲ್ಲೂ ಬಂತು.

ನಿಮ್ಮ ಮಾಡೆಲ್‌ನಲ್ಲಿ ಅನುಮಾನ ಪಡಬೇಕಾದ್ದು ಗ್ರಿಡ್ಡನ್ನ, ಅಂದ್ರೆ ಫೀಲ್ಡ್ ಲೆಕ್ಕಕ್ಕೆ ಜಾಗವನ್ನ ಹೋಳು ಮಾಡಿದ ಚೌಕಗಳನ್ನ. ಗ್ರಿಡ್ ಚೌಕ ಅರ್ಧ ಮಾಡಿ ಇನ್ನೊಮ್ಮೆ ರಿಫೈನ್ ಕೊಡಿ (ಫೀಲ್ಡ್ ಲೆಕ್ಕ ಹಾಕಿಸಿ), ಫೋಕಸ್ ಜಾಗ ಸರಿದ್ರೆ ಮೊದಲಿನ ಗ್ರಿಡ್ ಸಾಲದು ಅಂತ ಅರ್ಥ. ಎಲೆಕ್ಟ್ರೋಡ್ ಅಂಚನ್ನ ದುಂಡಗೆ ಮಾಡಿದ್ರೆ ಅಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಕೂರುತ್ತೆ, ಅದನ್ನೂ ನೋಡ್ಕೊಳ್ಳಿ. ಲೆನ್ಸಿನಿಂದ ದೂರ ಹೋದ ಮೇಲೆ ಶಕ್ತಿ ಮತ್ತೆ 1000ಕ್ಕೇ ಬರ್ಬೇಕು, ಬರದಿದ್ರೆ ದಾರಿ ಲೆಕ್ಕದ ಟೈಮ್ ಸ್ಟೆಪ್ ಚಿಕ್ಕದು ಮಾಡಿ.

ಮುಂದೆ ಲ್ಯಾಬಲ್ಲಿ ನಿಜವಾಗಿ ಬೀಮ್ ಬಿಟ್ಟಾಗ ಆರ್ಗಾನಿಗೂ ಕ್ಸೆನಾನಿಗೂ ಫೋಕಸ್ ಬೇರೆ ಕಾಣಿಸಬಹುದು, ಆಗ ಗಾಬರಿ ಬೇಡ. ಕರೆಂಟ್ ಜಾಸ್ತಿ ಇದ್ರೆ ಅಯಾನುಗಳು ಒಂದನ್ನೊಂದು ತಳ್ತಾವೆ, ನಿಧಾನ ಹೋಗೋ ಕ್ಸೆನಾನ್ ಅದೇ ಕರೆಂಟಿಗೆ ಹೆಚ್ಚು ಒತ್ತೊತ್ತಾಗಿರೋದ್ರಿಂದ ಅದರ ಬೀಮ್ ಜಾಸ್ತಿ ಹರಡುತ್ತೆ. ಒಂದೊಂದೇ ಅಯಾನು ಬಿಟ್ಟು ಎಳೆದ ಗೆರೇಲಿ ಈ ತಳ್ಳಾಟ ಇರಲ್ಲ, ಮೊದಲು ಕರೆಂಟ್ ಇಳಿಸಿ ಅಳತೆ ಮಾಡಿ ನೋಡಿ.