ಸುಮ್ನೆ ಕೂರಬೇಕು ಅನ್ನುವವರಿಗೆ ಮಾರಿಷಸ್

ಪ್ರಶ್ನೆ: ಅಕ್ಕೋರಿಗೆ ನಮಸ್ಕಾರ. ನಮ್ಮ ಮನೆಯವರದು ಬ್ಯಾಡಗಿಯಲ್ಲಿ ಮೆಣಸಿನಕಾಯಿ ದಲಾಲಿ ಅಂಗಡಿ. ಸೀಜನ್ ಮುಗಿದ ಮೇಲೆ, ಜೂನ್‌ನಲ್ಲಿ, ನಮ್ಮಿಬ್ಬರನ್ನೂ ಮಾರಿಷಸ್‌ಗೆ ಕಳಿಸುತ್ತೇನೆ ಅಂತ ಮಗ ಹಟ ಹಿಡಿದಿದ್ದಾನೆ. ಏಜೆಂಟ್ ಕೊಟ್ಟ ಪಟ್ಟಿ ನೋಡಿದರೆ ದಿನಾ ಬೆಳಿಗ್ಗೆ ಎಂಟಕ್ಕೆ ಬಸ್ ಹತ್ತಬೇಕು. ನನಗೋ ಹಸಿರು ನೋಡಿಕೊಂಡು ಸುಮ್ನೆ ಕೂತು ಬರಬೇಕು ಅಂತ ಆಸೆ. ಅದು ಜ್ವಾಲಾಮುಖಿ ದ್ವೀಪವಂತೆ, ಆ ಹೆದರಿಕೆ ಬೇರೆ. ನಾವು ಮೊಟ್ಟೆಯನ್ನೂ ಮುಟ್ಟುವುದಿಲ್ಲ. ಹೋಗಬಹುದಾ?
– ಓದುಗರೊಬ್ಬರು, ಬ್ಯಾಡಗಿ

ಉತ್ತರ: ಧಾರಾಳವಾಗಿ ಹೋಗಿ ಬನ್ನಿ ತಂಗಿ. ಹೆದರಿಕೆಯ ಮಾತು ಮೊದಲು ಮುಗಿಸೋಣ. ಮಾರಿಷಸ್‌ನ ಜ್ವಾಲಾಮುಖಿಗಳು ತಣ್ಣಗಾಗಿ ಹತ್ತಾರು ಸಾವಿರ ವರ್ಷಗಳಾದವು. ಈಗಲೂ ಬೆಂಕಿ ಉಗುಳುವುದು ಸುಮಾರು 200 ಕಿ.ಮೀ. ಆಚೆಯ ರಿಯೂನಿಯನ್ ದ್ವೀಪದಲ್ಲಿ. ಹೈಸ್ಕೂಲಿನಲ್ಲಿ ಭೂಗೋಳ ಕಲಿಸಿದವಳು ನಾನು, ಒಂದು ವಿಷಯ ಹೇಳದೆ ಬಿಡಲಾರೆ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಭೂಮಿಯೊಳಗಿನ ಒಂದು ಬಿಸಿ ತಾಣದಿಂದ ಉಕ್ಕಿದ ಲಾವಾ ತಣಿದೇ ಬೆಳಗಾವಿ, ವಿಜಯಪುರ ಕಡೆಯ ಕರಿಕಲ್ಲಿನ ನೆಲವಾಯಿತು. ಆಮೇಲೆ ನಮ್ಮ ನೆಲ ಉತ್ತರಕ್ಕೆ ಸರಿಯಿತು. ಅದೇ ತಾಣದ ಮೇಲೆ ಸುಮಾರು 80 ಲಕ್ಷ ವರ್ಷಗಳ ಹಿಂದೆ ಮಾರಿಷಸ್ ಹುಟ್ಟಿತು, ಅದಾದ ಮೇಲೆ ರಿಯೂನಿಯನ್. ಅಂದರೆ ನೀವು ಹೋಗುತ್ತಿರುವುದು ದೂರದ ನೆಂಟರ ಮನೆಗೆ!

ಆ ಕರಿಕಲ್ಲು ಅಲ್ಲಿ ಎಲ್ಲಿ ನೋಡಿದರೂ ಸಿಗುತ್ತದೆ. ಕಬ್ಬಿನ ಗದ್ದೆಗಳ ನಡುವೆ ಆಳೆತ್ತರಕ್ಕೂ ಮೀರಿದ ಕಲ್ಲಿನ ಗುಡ್ಡೆಗಳಿವೆ. ಕೂಲಿಯವರು ಒಂದೊಂದೇ ಕಲ್ಲು ಹೊತ್ತು ಹೊಲ ಹಸನು ಮಾಡಿದ್ದು ಅದು. 1834ರಿಂದ ನಮ್ಮ ದೇಶದವರನ್ನು ಕರಾರು ಬರೆಸಿಕೊಂಡು ಹಡಗಿನಲ್ಲಿ ಒಯ್ದರು. ಅವರು ಇಳಿದ ಆಪ್ರವಾಸಿ ಘಾಟ್ ಪೋರ್ಟ್ ಲೂಯಿಸ್‌ನಲ್ಲಿದೆ. ಪೇಟೆಗೆ ಹೋದರೆ ಅಲ್ಲಿ ಸ್ವಲ್ಪ ಹೊತ್ತು ನಿಲ್ಲಿ.

ಇನ್ನು ಏಜೆಂಟನ ಪಟ್ಟಿ. ಇಡೀ ದ್ವೀಪ ನಮ್ಮ ಧಾರವಾಡ ಜಿಲ್ಲೆಯ ಅರ್ಧದಷ್ಟೂ ಇಲ್ಲ. ಇದಕ್ಕೆ ದಿನಾ ಬಸ್ ಯಾಕೆ? ಒಂದೇ ಕಡೆ ಮನೆ ಮಾಡಿ, ಅದೂ ಪಶ್ಚಿಮ ದಂಡೆಯಲ್ಲಿ, ಫ್ಲಿಕ್ ಆನ್ ಫ್ಲಾಕ್ ಕಡೆ. ಜೂನ್ ಅಲ್ಲಿ ಚಳಿಗಾಲ. ಪೂರ್ವದ ದಂಡೆಗೆ ಆಗ್ನೇಯದ ಗಾಳಿ ಬೀಸುತ್ತಲೇ ಇರುತ್ತದೆ, ಪಶ್ಚಿಮದಲ್ಲಿ ಅಷ್ಟಿಲ್ಲ. ಹವಳದ ಬಂಡೆಸಾಲು ಅಲೆ ತಡೆಯುವುದರಿಂದ ದಡದ ನೀರು ಶಾಂತ. ಆದರೆ ಬರಿಗಾಲಲ್ಲಿ ಇಳಿಯಬೇಡಿ. ಕಲ್ಲಿನಂತೆಯೇ ಕಾಣುವ ವಿಷಮುಳ್ಳಿನ ಮೀನು ಇರುತ್ತದೆ. ರಬ್ಬರ್ ಶೂ ಹಾಕಿ.

ಪಟ್ಟಿಯಲ್ಲಿ ಉಳಿಸಿಕೊಳ್ಳಬೇಕಾದ್ದು ಒಂದೇ ದಿನದ ತಿರುಗಾಟ, ಅದೂ ಮೇಲಿನ ಗುಡ್ಡದ ಕಡೆಗೆ. ನಿಮ್ಮ ಹಸಿರು ಇರುವುದು ಅಲ್ಲೇ. ಕ್ಯೂರ್‌ಪೀಪ್ ಊರಿನಲ್ಲಿ ಟ್ರೂ ಓ ಸೆರ್ಫ್ ಎಂಬ ಹಳೆಯ ಜ್ವಾಲಾಮುಖಿಯ ಬಾಯಿ ಇದೆ. ಅದರ ಅಂಚಿನ ಸುತ್ತ ಡಾಂಬರು ರಸ್ತೆ. ನಾನು ಹೋದಾಗ ಊರ ಹಿರಿಯರು ಅಲ್ಲಿ ವಾಕಿಂಗ್ ಮಾಡುತ್ತಿದ್ದರು. ಬಗ್ಗಿ ನೋಡಿದೆ: ಇಳಿಜಾರಿನ ತುಂಬ ಮರ, ತಳದಲ್ಲಿ ಹೂಳು ತುಂಬಿದ ಸಣ್ಣ ಕೊಳ. ಅಜ್ಜಿಯೊಬ್ಬರು ಕಟ್ಟೆ ಮೇಲೆ ಕೂತು ಸ್ವೆಟರ್ ಹೆಣೆಯುತ್ತಿದ್ದರು. ನಿಮಗೂ ಸ್ವೆಟರ್ ಬೇಕು, ಮೇಲೆ ಮಳೆಯೂ ಜಾಸ್ತಿ, ಚಳಿಯೂ ಇದೆ. ಅಲ್ಲಿಂದ ಗಂಗಾ ತಲಾವ್. ಅದೂ ಜ್ವಾಲಾಮುಖಿಯ ಬಾಯಲ್ಲೇ ನಿಂತ ಕೆರೆ, ದಂಡೆಯಲ್ಲಿ ಗುಡಿಗಳು, ಹತ್ತಿರದಲ್ಲೇ 108 ಅಡಿಯ ಶಿವ. ಶಿವರಾತ್ರಿಗೆ ಜನ ಕಾವಡಿ ಹೊತ್ತು ದ್ವೀಪದ ಎಲ್ಲ ಕಡೆಯಿಂದ ನಡೆದು ಬರುತ್ತಾರೆ. ಜೂನ್‌ನಲ್ಲಿ ಆ ನೂಕುನುಗ್ಗಲು ಇರುವುದಿಲ್ಲ, ಒಳ್ಳೆಯದೇ ಆಯಿತು. ಶಮರೆಲ್‌ನ ಏಳು ಬಣ್ಣದ ಮಣ್ಣು ಬೇಲಿಯ ಈಚೆ ನಿಂತು ನೋಡುವಂಥದ್ದು. ಅರ್ಧ ತಾಸು ಸಾಕು. ಶಾಪಿಂಗ್ ದಿನವನ್ನಂತೂ ಹೊಡೆದುಹಾಕಿಸಿ.

ಊಟಕ್ಕೆ ಚಿಂತೆ ಬೇಡ. ರಸ್ತೆ ಬದಿಯ ಧೋಲ್ ಪುರಿ ಕೇಳಿ. ಬೆಲ್ಲ ಹಾಕದ ಹೋಳಿಗೆ ಅಂದುಕೊಳ್ಳಿ: ತೆಳ್ಳಗಿನ ಕಣಕದೊಳಗೆ ಅರಿಷಿಣ ಹಾಕಿ ಬೇಯಿಸಿದ ಬೇಳೆಪುಡಿ. ಎರಡು ಜೋಡಿಸಿ, ಅವರೆಯಂಥ ಕಾಳಿನ ಪಲ್ಯ, ಟೊಮ್ಯಾಟೊ ಗೊಜ್ಜು ಹಚ್ಚಿ, ಕಾಗದದಲ್ಲಿ ಸುತ್ತಿ ಕೊಡುತ್ತಾರೆ. ಖಾರ ಹಚ್ಚಲಾ ಅಂತ ಕೇಳಿದಾಗ ನಿಮ್ಮ ಮನೆಯವರು ‘ನಾವು ಬ್ಯಾಡಗಿಯವರು’ ಅಂತ ಜೋರು ಮಾಡದಿರಲಿ. ನಿಮ್ಮ ಕಾಯಿ ಬಣ್ಣಕ್ಕೆ ಹೆಸರಾದದ್ದು, ಅಲ್ಲಿನ ಗಿಡ್ಡ ಕಾಯಿ ಕಣ್ಣಲ್ಲಿ ನೀರು ತರಿಸುತ್ತದೆ. ಹೋಟೆಲ್ ಬುಕ್ ಮಾಡುವಾಗಲೇ ಮೊಟ್ಟೆಯೂ ಬೇಡ ಅಂತ ಬರೆಸಿಬಿಡಿ.

ಮುಂಬೈಯಿಂದ ನೇರ ವಿಮಾನ, ಸುಮಾರು ಆರು ತಾಸು. ನಮ್ಮ ಪಾಸ್‌ಪೋರ್ಟಿಗೆ ಮುಂಚೆ ವೀಸಾ ಬೇಕಿಲ್ಲ. ವಾಪಸ್ ಟಿಕೆಟ್, ಹೋಟೆಲ್ ಚೀಟಿ ಕೈಯಲ್ಲಿರಲಿ. ಅಲ್ಲಿನದೂ ರೂಪಾಯಿಯೇ, ಆದರೆ ನಮ್ಮದಕ್ಕಿಂತ ತುಟ್ಟಿ.

ಪ್ರಶ್ನೆ: ಅಕ್ಕೋರೇ, ಬೆಂಕಿ ಉಗುಳುವ ಜ್ವಾಲಾಮುಖಿಯನ್ನೇ ನೋಡಬೇಕು. ನಮ್ಮ ದೇಶದಲ್ಲಿ ಇದೆಯಾ?
– ಕಾಲೇಜು ವಿದ್ಯಾರ್ಥಿ, ಗದಗ

ಉತ್ತರ: ಒಂದಿದೆಯಪ್ಪ, ಅಂಡಮಾನಿನ ಬ್ಯಾರನ್ ದ್ವೀಪ. ಪೋರ್ಟ್ ಬ್ಲೇರ್‌ನಿಂದ (ಈಗ ಅದರ ಹೆಸರು ಶ್ರೀ ವಿಜಯಪುರಂ) ಸುಮಾರು 140 ಕಿ.ಮೀ. ಕಡಲ ದಾರಿ. ಪ್ರವಾಸಿಗರು ಇಳಿಯುವ ಹಾಗಿಲ್ಲ, ದೂರದಿಂದ ಹೊಗೆ ನೋಡಿ ತೃಪ್ತಿಪಡಬೇಕು. ಅದಕ್ಕಿಂತ ಮೊದಲು ಪರೀಕ್ಷೆ ಮುಗಿಸು.