ವಕೀಲರಲ್ಲದ ನಮ್ಮ ಚಿಕ್ಕಪ್ಪ ಡಿವೋರ್ಸ್ ಕೇಸಲ್ಲಿ ನನ್ನ ಪರ ವಾದ ಮಾಡಬಹುದಾ?

ನಿಮಗೆ ಚಿಕ್ಕಪ್ಪ, ನನಗೆ ಸೋದರಮಾವ. ಅಷ್ಟೇ ವ್ಯತ್ಯಾಸ.

ಮಾವ ತಾಲೂಕು ಆಫೀಸಿನ ಎದುರು ಕೂತು ಅರ್ಜಿ ಬರೆಯುತ್ತಿದ್ದವರು. ಸೆಕ್ಷನ್ ನಂಬರ್‌ಗಳೆಲ್ಲ ಬಾಯಿಪಾಠ. ನನ್ನ ಗಂಡ ಡಿವೋರ್ಸ್ ಕೇಸ್ ಹಾಕಿದಾಗ, "ಫ್ಯಾಮಿಲಿ ಕೋರ್ಟಿಗೆ ವಕೀಲರು ಬೇಕಾಗಲ್ಲ ಕಣಮ್ಮ, ಸುಮ್ನೆ ಯಾಕೆ ದುಡ್ಡು ಸುರೀತೀಯ, ನಾನಿಲ್ವಾ?" ಅಂದರು. ಅರ್ಧ ನಿಜವೇ. 1984ರ ಕೌಟುಂಬಿಕ ನ್ಯಾಯಾಲಯ ಕಾಯ್ದೆಯ 13ನೇ ಸೆಕ್ಷನ್ ಪ್ರಕಾರ ಅಲ್ಲಿ ವಕೀಲರನ್ನು ಇಟ್ಟುಕೊಳ್ಳುವುದು ಹಕ್ಕಲ್ಲ, ಕೋರ್ಟ್ ಒಪ್ಪಬೇಕು. ಅಂದರೆ ನೀವೇ ಬಂದು ಮಾತಾಡಿ ಅಂತ. ನಿಮ್ಮ ಮಾವ ಮಾತಾಡಲಿ ಅಂತಲ್ಲ!

ನಾನು ಛಾಪಾ ಕಾಗದದ ಮೇಲೆ ಜಿಪಿಎ, ಅಂದರೆ ನನ್ನ ಪರವಾಗಿ ವ್ಯವಹರಿಸುವ ಅಧಿಕಾರಪತ್ರ, ಬರೆದುಕೊಟ್ಟು ಮನೆಯಲ್ಲೇ ಕೂತೆ. ಮಾವನನ್ನು ನಂಬಿದ್ದು ತಪ್ಪು ಅನ್ನುತ್ತಿಲ್ಲ. ಅವರು ಕೋರ್ಟಿಗೆ ಹೋಗಿದ್ದೂ ತಪ್ಪಲ್ಲ. ನಾನು ಹೋಗಲಿಲ್ಲವಲ್ಲ, ಅದು ತಪ್ಪು. ಗಂಡನ ಮುಖ ನೋಡೋಕೆ ಇಷ್ಟ ಇರಲಿಲ್ಲ. ಜಿಪಿಎ ಕೊಟ್ಟರೆ ಮಾವ ಅಂದರೂ ಒಂದೇ, ನಾನು ಅಂದರೂ ಒಂದೇ ಅಂದುಕೊಂಡಿದ್ದೆ. ಹಾಗಲ್ಲ. ಆ ಮನೆಯೊಳಗೆ ಏನಾಯಿತು ಅಂತ ಗೊತ್ತಿರುವುದು ನನಗೆ. ನನಗೆ ಮಾತ್ರ ಗೊತ್ತಿರುವುದಕ್ಕೆ ಜಿಪಿಎ ಹಿಡಿದವರು ಸಾಕ್ಷಿ ಹೇಳೋ ಹಾಗಿಲ್ಲ ಅಂತ ಸುಪ್ರೀಂ ಕೋರ್ಟ್ ಯಾವತ್ತೋ ಹೇಳಿದೆ.

ನನ್ನ ಹೆಸರು ಕೂಗಿದಾಗ ಮಾವ ಕಾಗದ ಎತ್ತಿ ತೋರಿಸಿದರಂತೆ. ಜಡ್ಜ್ ಅದನ್ನು ಕೈಗೂ ತೆಗೆದುಕೊಳ್ಳದೆ "ಪಾರ್ಟಿ ಎಲ್ಲಿ?" ಅಂದರಂತೆ. ಮಾವ ಮನೆಗೆ ಬಂದು ಹೇಳಿದ್ದು "ಮುಂದಿನ ವಾಯಿದೆ ಬಿತ್ತು" ಅಂತ ಮಾತ್ರ. ಹೀಗೆ ಮೂರು ವಾಯಿದೆ ಕಳೆದು ಎಕ್ಸ್‌ಪಾರ್ಟಿ ಡಿಕ್ರಿ, ಅಂದರೆ ನಾನಿಲ್ಲದೆಯೇ ತೀರ್ಪು, ಆಯಿತು. ಅದನ್ನು ರದ್ದು ಮಾಡಿಸಲು 30 ದಿನದೊಳಗೆ ಅರ್ಜಿ ಹಾಕಬೇಕು. ನನಗೆ ವಿಷಯ ಗೊತ್ತಾಗುವಷ್ಟರಲ್ಲಿ ಆ ಗಡುವೂ ಮುಗಿದಿತ್ತು. ತಡ ಯಾಕಾಯಿತು ಅಂತ ಇನ್ನೊಂದು ಅರ್ಜಿ, ಇನ್ನಷ್ಟು ತಿಂಗಳು.

ವಕೀಲರಲ್ಲದವರಿಗೆ ಒಂದು ಕೇಸಿನ ಮಟ್ಟಿಗೆ ಅನುಮತಿ ಕೊಡಲು ವಕೀಲರ ಕಾಯ್ದೆಯ 32ನೇ ಸೆಕ್ಷನ್‌ನಲ್ಲಿ ಅವಕಾಶ ಇದೆ, ನಿಜ. ಕೊಡುವುದು ಬಿಡುವುದು ಕೋರ್ಟಿಗೆ ಬಿಟ್ಟಿದ್ದು. ಅದರ ಹಿಂದೆ ಬೀಳಬೇಡಿ. ದುಡ್ಡಿನ ಚಿಂತೆ ತಾನೇ? ಹೆಂಗಸರಿಗೆ ಆದಾಯ ಎಷ್ಟಿದ್ದರೂ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತವಾಗಿ ವಕೀಲರು ಸಿಗುತ್ತಾರೆ. 15100ಕ್ಕೆ ಫೋನ್ ಮಾಡಿ. ನನ್ನ ಡಿಕ್ರಿ ರದ್ದು ಮಾಡಿಸಿದ್ದು ಹಾಗೆ ಸಿಕ್ಕ ವಕೀಲೆಯೇ.

ಚಿಕ್ಕಪ್ಪ ಜೊತೆಗೆ ಬರಲಿ, ಫೈಲ್ ಹಿಡಿದುಕೊಳ್ಳಲಿ. ಆದರೆ ಇವತ್ತೇ ಇ-ಕೋರ್ಟ್ಸ್ ಆ್ಯಪ್‌ನಲ್ಲಿ ಕೇಸ್ ನಂಬರ್ ಹಾಕಿ, ಹೋದ ವಾಯಿದೆಯಲ್ಲಿ ಏನು ಬರೆದಿದ್ದಾರೆ ಅಂತ ನೀವೇ ನೋಡಿ. ನನ್ನದರಲ್ಲಿ ಮೂರು ಸಲವೂ 'ರೆಸ್ಪಾಂಡೆಂಟ್ ಆಬ್ಸೆಂಟ್' (ಪ್ರತಿವಾದಿ ಗೈರು) ಅಂತಿತ್ತು.