ತೊಗರಿ ಬೇಳೆಗೆಂದು ಕಟ್ಟಿದ ರೈತರ ಗುಂಪು ಬೇರೆ ಕೆಲಸಗಳಿಗೆ ‘ಆಗದು’ ಎನ್ನುವುದು ಹೇಗೆ?

ಕಲಬುರಗಿ ಜಿಲ್ಲೆಯಲ್ಲಿ ಸದಸ್ಯರ ತೊಗರಿಯನ್ನು ಬೇಳೆ ಮಾಡಿಸಿ ನೇರವಾಗಿ ಮಾರಲು ಕಟ್ಟಿದ ನಿಮ್ಮ ಗುಂಪಿಗೆ ಗೊಬ್ಬರದಂಗಡಿ ತೆರೆಯಿರಿ, ಟ್ರ್ಯಾಕ್ಟರ್ ಬಾಡಿಗೆಗೆ ಕೊಡಿ, ಹೆಸರುಕಾಳನ್ನೂ ಕೊಳ್ಳಿರಿ ಎಂಬ ಒತ್ತಾಯ ಬರುತ್ತಿದೆ ಎಂದಿದ್ದೀರಿ. ಇವು ಯಾವುವೂ ಕೆಟ್ಟ ಕೆಲಸಗಳಲ್ಲ; ನಿರಾಕರಿಸುವುದು ಕಷ್ಟವಾಗುವುದು ಅದಕ್ಕಾಗಿಯೇ.

ಮೊದಲು ಗುಂಪಿನ ಗುರಿಯನ್ನು ಒಂದೇ ವಾಕ್ಯದಲ್ಲಿ ನಡಾವಳಿ ಪುಸ್ತಕದಲ್ಲಿ ಬರೆದು ಎಲ್ಲರ ಸಹಿ ಪಡೆಯಿರಿ. ಬಳಿಕ ಪ್ರತಿ ಬೇಡಿಕೆಯನ್ನೂ ತೊಗರಿಯ ರಾಶಿ ನಡೆಯುವ ಡಿಸೆಂಬರ್, ಜನವರಿ ತಿಂಗಳುಗಳನ್ನು ಮುಂದಿಟ್ಟುಕೊಂಡು ಪರಿಶೀಲಿಸಿ. ಕಾಳು ಕೊಳ್ಳಲು ನಗದು, ಚೀಲ, ಗೋದಾಮು, ತೂಕಕ್ಕೆ ನಿಲ್ಲುವ ಜನ ಎಲ್ಲವೂ ಆಗಲೇ ಒಟ್ಟಿಗೆ ಬೇಕಾಗುತ್ತವೆ. ಗೊಬ್ಬರದ ಉದ್ರಿಯಲ್ಲಿ ಹಣ ಸಿಕ್ಕಿಕೊಂಡಿದ್ದರೆ ಸದಸ್ಯರು ವಿಧಿಯಿಲ್ಲದೆ ತೊಗರಿಯನ್ನು ಅಡತಿಗೆ (ದಲ್ಲಾಳಿ ಅಂಗಡಿಗೆ) ಒಯ್ಯುತ್ತಾರೆ, ಗುಂಪು ಕಟ್ಟಿದ ಉದ್ದೇಶವೇ ಕೈತಪ್ಪುತ್ತದೆ. ಕಲಬುರಗಿ ತೊಗರಿ ಬೇಳೆಗೆ 2019ರಲ್ಲಿ ಜಿಐ ಟ್ಯಾಗ್ (ಆ ಪ್ರದೇಶದ ಉತ್ಪನ್ನಕ್ಕಷ್ಟೇ ಆ ಹೆಸರು ಸಲ್ಲುವ ಭೌಗೋಳಿಕ ಗುರುತು) ದೊರೆತಿರುವುದರಿಂದ, ಬೇರೆಡೆಯ ಅಗ್ಗದ ಕಾಳು ಬೆರೆಸಿ ಪೂರೈಸಬೇಕಾದ ಆರ್ಡರ್ ಎಷ್ಟೇ ದೊಡ್ಡದಿರಲಿ, ಅದನ್ನು ಚರ್ಚೆಗೂ ತೆಗೆದುಕೊಳ್ಳಬಾರದು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಕೇಳುವವರು ಬಹುಮಟ್ಟಿಗೆ ಊರಿನ ಹಿರಿಯರೇ ಆಗಿರುತ್ತಾರಾದ್ದರಿಂದ ನಿರಾಕರಣೆಯ ಹೊರೆ ಅಧ್ಯಕ್ಷರೊಬ್ಬರ ಮೇಲೆ ಬೀಳಬಾರದು. “ಕಾಕಾ, ಬ್ಯಾಳಿ ಬಿಟ್ಟು ಬ್ಯಾರೆ ಕೆಲಸ ಹಿಡಿಯೂದಿಲ್ಲಂತ ಎಲ್ಲಾರೂ ಸಹಿ ಮಾಡೀವ್ರಿ” ಎಂದು ನಡಾವಳಿಯನ್ನೇ ತೋರಿಸಿ. ಜೊತೆಗೆ, ಗೊಬ್ಬರಕ್ಕೆ ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘವನ್ನೂ ಟ್ರ್ಯಾಕ್ಟರಿಗೆ ಹೋಬಳಿಯ ಕೃಷಿ ಯಂತ್ರಧಾರೆ ಕೇಂದ್ರವನ್ನೂ ವಿಚಾರಿಸುವಂತೆ ತಿಳಿಸಿದರೆ ಅವರು ಬರಿಗೈಯಲ್ಲಿ ಮರಳಿದಂತಾಗುವುದಿಲ್ಲ.